ಹತ್ತು ಎಕರೆ ಮಸುಕು ಮಾಡಿದ ರುದ್ರೇಶ

ಹೊಳೆನರಸೀಪುರದ ಪೇಟೆಬೀದಿಯಲ್ಲಿ ಗೌರಿ ಸ್ಟುಡಿಯೋ ನಡೆಸುವ ರುದ್ರೇಶನಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಜ್ಞಾನೋದಯವಾಯಿತು. ದೊಡ್ಡವರಿಗೆಲ್ಲ ಅದು ಮರದ ಕೆಳಗೆ ಆಗುತ್ತದಂತೆ. ಇವನಿಗೆ ಹಾಸನದ ಒಂದು ಮಹಡಿಯ ಮೇಲೆ, ಅಂಗಡಿ ಮುಚ್ಚುತ್ತಿದ್ದ ಗೆಳೆಯ ಮನೋಹರನ ಹಳೇ ಸಾಮಾನುಗಳ ನಡುವೆ ಆಯಿತು. ಮನೋಹರ ಗಿಡ್ಡನೆಯ, ದಪ್ಪನೆಯ ಒಂದು ಲೆನ್ಸನ್ನು ಕ್ಯಾಮೆರಾಗೆ ಸಿಕ್ಕಿಸಿ ಕೊಟ್ಟು, "ಇದ್ರಲ್ಲಿ ಒಂದ್ಸಲ ನನ್ ಮೂತಿ ನೋಡು" ಎಂದ. ರುದ್ರೇಶ ನೋಡಿದ. ಎರಡು ಕಣ್ಣು ಕಂಡವು. ಹಿಂದಿದ್ದ ಗೋಡೆ, ಕ್ಯಾಲೆಂಡರು, ರೆಕ್ಕೆ ಮುರಿದ ಫ್ಯಾನು ಎಲ್ಲ ಕರಗಿ ಬೆಣ್ಣೆಯಾಗಿದ್ದವು. ಮೂವತ್ತು ವರ್ಷದಿಂದ ನೋಡುತ್ತಿದ್ದ ಆ ಮುಖದ ಎಡಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗುರುತಿದೆ ಎಂಬುದು ಅವನಿಗೆ ಗೊತ್ತಾದದ್ದೇ ಅವತ್ತು. ಸಂಜೆಯ ಬಸ್ಸಿನಲ್ಲಿ ಲೆನ್ಸನ್ನು ಮಡಿಲಲ್ಲಿಟ್ಟುಕೊಂಡು, ಬಾಣಂತಿಯನ್ನು ಮನೆಗೆ ಕರೆತರುವವನ ಎಚ್ಚರಿಕೆಯಲ್ಲಿ ಊರಿಗೆ ಬಂದ.

ಇದರ ಮಹತ್ವ ತಿಳಿಯಬೇಕಾದರೆ ಅವನ ವಂಶದ ಇತಿಹಾಸ ಸ್ವಲ್ಪ ಗೊತ್ತಿರಬೇಕು. ಸ್ಟುಡಿಯೋ ತೆರೆದವರು ಅಪ್ಪ ಗೌರೀಶಂಕರ. ಅವರು ಗೋಡೆಗೆ ಜಲಪಾತದ ಪರದೆ ಇಳಿಬಿಟ್ಟು, ಮಗನಿಗೆ ಒಂದೇ ಒಂದು ಶಾಸನ ಬರೆದುಕೊಟ್ಟು ಹೋಗಿದ್ದರು: "ಮನುಷ್ಯ ಅಂದ್ಮೇಲೆ ಪೂರ್ತಿ ಬರ್ಬೇಕು." ನೆತ್ತಿಯಿಂದ ಹಿಡಿದು ಚಪ್ಪಲಿಯ ಉಂಗುಟದವರೆಗೆ ಎಲ್ಲವೂ ಕಾಣಬೇಕು, ಎಲ್ಲವೂ ಸ್ಪಷ್ಟವಾಗಿರಬೇಕು. ಸೀರೆಯ ಅಂಚು, ಕೈಗಡಿಯಾರ, ಜೇಬಿನ ಪೆನ್ನು ಇವುಗಳಲ್ಲಿ ಒಂದು ಬಿಟ್ಟುಹೋದರೂ ಗಿರಾಕಿಗೆ ಅವಮಾನ. ಈ ಶಾಸನಕ್ಕೆ ತಲೆಬಾಗಿ ರುದ್ರೇಶ ಮೂವತ್ತು ವರ್ಷ ದುಡಿದ. ತಾಲ್ಲೂಕಿನಲ್ಲಿ ಅವನಷ್ಟು ಚಪ್ಪಲಿಗಳ ಫೋಟೋ ತೆಗೆದವರು ಇನ್ನೊಬ್ಬರಿಲ್ಲ.

ಹೊಸ ಲೆನ್ಸು ಹೇಳಿದ್ದು ಇದಕ್ಕೆ ತದ್ವಿರುದ್ಧ. ಅದರ ಬಾಯಿಯನ್ನು ಪೂರ್ತಿ ತೆರೆದರೆ ಬೆರಳಿನ ದಪ್ಪದಷ್ಟು ಜಾಗ ಮಾತ್ರ ಸ್ಪಷ್ಟ. ಅದರ ಮುಂದಿನದೂ ಮಸುಕು, ಹಿಂದಿನದೂ ಮಸುಕು. ಹತ್ತಿರ ಹೋಗಬೇಕು, ಮುಖ ಚೌಕಟ್ಟನ್ನು ತುಂಬಬೇಕು, ನೆತ್ತಿ ಕತ್ತರಿಸಿ ಹೋದರೆ ಹೋಗಲಿ, ಕಣ್ಣು ಉಳಿಯಬೇಕು. ರುದ್ರೇಶ ಈ ಧರ್ಮದ ಪ್ರಚಾರಕ್ಕೆ ಹೊರಟ. ದಂಡಯಾತ್ರೆಗೆ ಇದ್ದ ವಾಹನ ಒಂದು ಹಳೆಯ ಸ್ಕೂಟರು.

ಮೊದಲ ಯುದ್ಧ ನಡೆದದ್ದು ಚನ್ನರಾಯಪಟ್ಟಣದಲ್ಲಿ, ಹೆಂಡತಿ ಗಂಗಾಂಬಿಕೆಯ ತಮ್ಮ ಸಿದ್ದೇಶನ ಗೃಹಪ್ರವೇಶದ ದಿನ. ಸಿದ್ದೇಶ ಮೂರಂತಸ್ತಿನ ಮನೆ ಕಟ್ಟಿಸಿ, ಹೊರಗೋಡೆಗೆ ನಾಲ್ಕು ಬಣ್ಣ ಬಳಿಸಿ, ಬಾಗಿಲಿಗೆ ಎಂಟು ಆನೆ ಕೆತ್ತಿಸಿದ್ದ. ಆಲ್ಬಂ ಬಂತು. ಹಾಲು ಉಕ್ಕುವಾಗ ಅವನ ಹೆಂಡತಿಯ ಕಣ್ಣಂಚಿನಲ್ಲಿ ನಿಂತ ಹನಿ, ಹೋಮದ ಹೊಗೆಗೆ ಮುಚ್ಚಿದ ಪುರೋಹಿತರ ರೆಪ್ಪೆ, ಪಾಯಸ ಬಳಿದುಕೊಂಡ ಮಗುವಿನ ಗಲ್ಲ. ಒಂದೊಂದೂ ಕಣ್ಣಿಗೊತ್ತಿಕೊಳ್ಳುವಂತಿತ್ತು.

"ಭಾವ, ಎಲ್ಲಾ ಚೆನ್ನಾಗಿದೆ. ಮನೆ ಎಲ್ಲಿ?" ಎಂದ ಸಿದ್ದೇಶ.

"ಹಿಂದ್ಗಡೆ ಇದೆಯಲ್ಲ, ಆ ಹಳದಿ ಮೋಡ."

"ಆ ಹಳದಿ ಮೋಡಕ್ಕೆ ಎರಡು ವರ್ಷ ಬೆಳಿಗ್ಗೆ ಸಾಯಂಕಾಲ ನಿಂತು ನೀರು ಹೊಡೆಸಿದೀನಿ ಭಾವ!"

ಎರಡನೆಯ ಯುದ್ಧ ಸಾಲಗಾಮೆಯಲ್ಲಿ. ಮೇಷ್ಟ್ರು ನಂಜಪ್ಪನವರು ನಿವೃತ್ತರಾದ ದಿನ ಊರವರು ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನಿಸಿದರು. ರುದ್ರೇಶನ ಫೋಟೋದಲ್ಲಿ ಮೇಷ್ಟ್ರ ಕಣ್ಣುಗಳು ಮೂವತ್ತಾರು ವರ್ಷದ ಕಥೆಯನ್ನೇ ಹೇಳುತ್ತಿದ್ದವು. ಪೇಟ ಮಾತ್ರ ಹಣೆಯಿಂದ ಎರಡು ಬೆರಳು ಮೇಲೆ ಹೋಗಿ ಮುಗಿದಿತ್ತು. ಜರಿಯ ತುರಾಯಿಯ ಗುರುತೇ ಇರಲಿಲ್ಲ.

"ಮೂವತ್ತಾರು ವರ್ಷ ಸರ್ವೀಸ್ ಮಾಡಿ ಒಂದ್ ಪೇಟ ಸಂಪಾದ್ನೆ ಮಾಡ್ದೆ" ಎಂದರು ಮೇಷ್ಟ್ರು, ಬೆಂಚಿನ ಮೇಲೆ ನಿಲ್ಲಿಸುವ ಹಳೆಯ ದನಿಯಲ್ಲಿ. "ಅದ್ನೂ ಅರ್ಧ ಮಾಡ್ಬುಟ್ಟೆಯಲ್ಲೋ ರುದ್ರೇಶ!"

ಮನೆಯಲ್ಲಿ ಗಂಗಾಂಬಿಕೆ ದೋಸೆ ಮಗುಚುತ್ತ ತೀರ್ಪು ಕೊಟ್ಟಳು: "ಊರವರ ತಲೆ ಕತ್ತರಿಸ್ಕೊಂಡು ಎಷ್ಟು ದಿನ ಇರ್ತೀರಾ? ಮಸುಕು ಬೇಕು ಅಂದ್ರೆ ಈಗ ಮೊಬೈಲೇ ಮಾಡ್ಕೊಡುತ್ತೆ."

"ಮೊಬೈಲು ಒರೆಸಿ ಹಾಕುತ್ತೆ ಕಣೆ. ಕಿವಿ ತುದೀನೂ ಸೇರಿಸಿ ಒರೆಸುತ್ತೆ. ನನ್ ಲೆನ್ಸು ಹಿಂದಿರೋದನ್ನ ಮೆಲ್ಲಗೆ ದೂರ ಕಳ್ಸುತ್ತೆ."

"ಗಿರಾಕಿಗಳನ್ನೂ ಅಷ್ಟೇ ಮೆಲ್ಲಗೆ ದೂರ ಕಳಿಸ್ತಾ ಇದೆ" ಎಂದು ಅವಳು ದೋಸೆಯನ್ನು ತಟ್ಟೆಗೆ ಹಾಕಿದಳು.

ಇಂಥ ಹೊತ್ತಿನಲ್ಲಿ ಮಲ್ಲಿಪಟ್ಟಣದ ಮಾರಮ್ಮ ಮಗ ದಿಲೀಪನನ್ನು ಕರೆದುಕೊಂಡು ಸ್ಟುಡಿಯೋಗೆ ಬಂದಳು. ಮಾರಮ್ಮನ ತವರು ಹೊಳೆನರಸೀಪುರವೇ. ಅವಳ ಮದುವೆಯ ಫೋಟೋ ತೆಗೆದವರು ಗೌರೀಶಂಕರ. ಆ ಹಕ್ಕಿನಿಂದ ಅವಳು ಕುರ್ಚಿ ಎಳೆದುಕೊಂಡು ಕೂತಳು.

"ನೋಡಪ್ಪಾ ರುದ್ರೇಶ, ಇವುನ್ಗೆ ಮೂವತ್ತಾರಾಯ್ತು. ಹಾಸನದಾಗೆ ವರ್ಸಾ ವರ್ಸಾ ವಧು-ವರರ ಸಮಾವೇಶ ಮಾಡ್ತರಲ್ಲ, ಎರಡ್ ಸಲ ಫೋಟೋ ಕೊಟ್ಟೊ. ಒಂದ್ ನಾಯಿನೂ ತಿರುಗಿ ನೋಡ್ನಿಲ್ಲ."

"ಅವ್ವಾ, ಹೆಣ್ಮಕ್ಳುನ್ನ ಅಂಗಂತರಾ?" ಎಂದ ದಿಲೀಪ.

"ನಾನಂದಿದ್ದು ಅವ್ರಪ್ಪದೀರ್ನ. ಸುಮ್ಕಿರ್ಲಾ."

ದಿಲೀಪ ಹತ್ತು ಎಕರೆಯಲ್ಲಿ ಶುಂಠಿ, ಆಲೂಗಡ್ಡೆ ಬೆಳೆಯುವ ಗಟ್ಟಿ ಆಳು. ನೋಡಲೂ ಲಕ್ಷಣವಾಗಿದ್ದ. ಆದರೆ ಒಕ್ಕಲುತನದ ಗಂಡಿಗೆ ಹೆಣ್ಣು ಕೊಡುವವರು ಈಗ ಇಡೀ ಜಿಲ್ಲೆಯಲ್ಲಿ ಕಡಿಮೆ. ಹುಡುಗ ಪೇಟೆಯಲ್ಲಿ ಗುಮಾಸ್ತನಾಗಿದ್ದರೂ ಸರಿ, ಗದ್ದೆಯಲ್ಲಿ ಮಾತ್ರ ಇರಬಾರದು. ತಾಯಿ ಕಾಫಿ ಕುಡಿಯುತ್ತಿದ್ದಾಗ ಅವನು ರುದ್ರೇಶನನ್ನು ಬಾಗಿಲ ಬಳಿಗೆ ಕರೆದ.

"ಅಣ್ಣಾ, ಇದೇ ಕಡೇದು. ಇದೂ ಆಗ್ನಿಲ್ಲ ಅಂದ್ರೆ ಮದ್ವೆ ಮಾತೇ ಬ್ಯಾಡ ಅಂತ ಅವ್ವನ್ಗೆ ಏಳ್ಬುಡ್ತೀನಿ. ಸ್ಟೇಜ್ ಮ್ಯಾಲೆ ನಿಂತ್ಕಂಡು ಎಕರೆ ಲೆಕ್ಕ ಒಪ್ಸಿ ಒಪ್ಸಿ ನನ್ ಮಕ ನಂಗೇ ಮರ್ತೋಗೈತೆ."

ಆ ಮಾತು ರುದ್ರೇಶನ ಎದೆಗೆ ನಾಟಿತು. ಮುಖ ಮರೆತವನಿಗೆ ಮುಖ ಹುಡುಕಿಕೊಡುವುದಕ್ಕಿಂತ ದೊಡ್ಡ ಕೆಲಸ ಈ ಲೆನ್ಸಿಗೆ ಇನ್ನೇನಿದೆ?

ಭಾನುವಾರ ಬೆಳಿಗ್ಗೆ ಅರಕಲಗೂಡು ದಾಟಿ ಮಲ್ಲಿಪಟ್ಟಣ ಸೇರುವ ಹೊತ್ತಿಗೆ ಮಾರಮ್ಮ ರಣರಂಗ ಸಿದ್ಧ ಮಾಡಿ ಇಟ್ಟಿದ್ದಳು. ಟ್ರ್ಯಾಕ್ಟರು ತೊಳೆದು ಕುಂಕುಮ ಹಚ್ಚಿಸಿಕೊಂಡು ನಿಂತಿತ್ತು. ಬೋರ್‌ವೆಲ್ಲಿನ ನೀರು ಆಳೆತ್ತರ ಚಿಮ್ಮುತ್ತಿತ್ತು. ಶುಂಠಿಯ ಮೂಟೆಗಳು ಕೋಟೆಯಂತೆ ಎದ್ದು ನಿಂತಿದ್ದವು. ಒಳಗಿದ್ದ ವಾಷಿಂಗ್ ಮೆಷಿನ್ನು ಕೂಡ ಜಗಲಿಗೆ ಬಂದು, ಯಾಕೆ ಕರೆದರೆಂದು ತಿಳಿಯದ ನೆಂಟನಂತೆ ಮೂಲೆಯಲ್ಲಿತ್ತು. ಮಧ್ಯದಲ್ಲಿ ದಿಲೀಪ, ಅವತ್ತೇ ಮೀಸೆಗೆ ಬಣ್ಣ ಹಚ್ಚಿಕೊಂಡು, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವನ ಮುಖ ಮಾಡಿಕೊಂಡಿದ್ದ.

ರುದ್ರೇಶ ಮೂರಡಿ ದೂರದಲ್ಲಿ ಮಂಡಿಯೂರಿ ಕೂತ. ನಲವತ್ತು ಫೋಟೋ ತೆಗೆದ. ನಲವತ್ತರಲ್ಲೂ ಕಣ್ಣು ಕನ್ನಡಿಯಷ್ಟು ಸ್ಪಷ್ಟ, ಮುಖ ಮಾತ್ರ ರೇಷನ್ ಅಂಗಡಿ. "ಸ್ವಲ್ಪ ನಗಪ್ಪ" ಎಂದರೆ ದಿಲೀಪ ಹಲ್ಲುನೋವಿನವನಂತೆ ತುಟಿ ಅಗಲಿಸುತ್ತಿದ್ದ. ಅಷ್ಟರಲ್ಲಿ ಕೊಟ್ಟಿಗೆಯ ಕರುವೊಂದು ಹಗ್ಗ ಕಿತ್ತುಕೊಂಡು ಬಂದು, ಹಿಂದಿನಿಂದ ರುದ್ರೇಶನ ಬೋಳುನೆತ್ತಿಯನ್ನು ಒರಟು ನಾಲಗೆಯಲ್ಲಿ ಒಮ್ಮೆ ನೀಟಾಗಿ ನೆಕ್ಕಿತು. ಮಹಾಯೋಧ ಕಿರುಚಿಕೊಂಡ. ದಿಲೀಪ ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿ ನಕ್ಕ. ಮೂವತ್ತು ವರ್ಷ ಗುಂಡಿ ಒತ್ತಿದ ಬೆರಳು, ಯಜಮಾನನ ಅಪ್ಪಣೆಗೆ ಕಾಯದೆ ತಾನೇ ಒತ್ತಿತು.

ಮಾರಮ್ಮ ಓಡಿ ಬಂದು ಕ್ಯಾಮೆರಾದ ಹಿಂದಿನ ಪರದೆಗೆ ಕಣ್ಣಿಟ್ಟಳು.

"ಟ್ರ್ಯಾಕ್ಟ್ರು ಎಲ್ಲಪ್ಪಾ?"

"ಆ ಕೆಂಪು ಚುಕ್ಕೆ, ಅಕ್ಕಾ."

"ಬೋರ್‌ವೆಲ್ಲು?"

"ಈ ಬೆಳ್ಳಗಿರೋದು."

"ಹತ್ ಎಕ್ರೆ?"

"ಸುತ್ತ ಹಸುರು ಕಾಣ್ತದಲ್ಲ ಅಕ್ಕಾ..."

ಮಾರಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಹತ್ ಎಕ್ರೆನೂ ಒಂದ್ ಗಳಿಗೇಲಿ ಮಸುಕ್ ಮಾಡ್ಬುಟ್ಟಲ್ಲಪ್ಪಾ! ನಮ್ ದಾಯಾದಿಗಳು ಕೋರ್ಟಿಗೋದ್ರೂ ಅವ್ರ ಕೈಲಿ ಆಗಿರ್ನಿಲ್ಲ!"

"ಇದೇ ಇರ್ಲಿ ಅವ್ವಾ" ಎಂದ ದಿಲೀಪ. "ಎರಡ್ ಸಲ ಟ್ರ್ಯಾಕ್ಟ್ರು ಪಕ್ಕ ನಿಂತ್ಕಂಡು ಕೊಟ್ಟಿದ್ದಾಯ್ತು. ಸಂಬಂಧ ಬಂದಿದ್ರೂ ಟ್ರ್ಯಾಕ್ಟ್ರುಗೇ ಬತ್ತಿತ್ತು."

ಸ್ಟುಡಿಯೋಗೆ ಹೋಗಿ ಕಂಪ್ಯೂಟರಿನಲ್ಲಿ ನೋಡಿದಾಗ ರುದ್ರೇಶ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. ನಗುವಾಗ ದಿಲೀಪ ಎರಡು ಬೆರಳಿನಷ್ಟು ಮುಂದಕ್ಕೆ ಬಂದಿದ್ದ. ಫೋಕಸ್ಸು ಕಣ್ಣನ್ನು ಬಿಟ್ಟು ಕೆಳಗೆಲ್ಲೋ ಇಳಿದಿತ್ತು. ಕಣ್ಣುಗಳು ತುಸು ಮೆತ್ತಗಾಗಿದ್ದವು. ಕಸುಬಿನ ನ್ಯಾಯದ ಪ್ರಕಾರ ಇದು ಎಸೆಯಬೇಕಾದ ಫೋಟೋ. ಪಕ್ಕದಲ್ಲೇ ನಲವತ್ತು ಸ್ಪಷ್ಟವಾದ ರೇಷನ್ ಅಂಗಡಿಗಳು ಸಾಲಾಗಿ ಕೂತಿದ್ದವು. ಮರುದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವನು ಅದನ್ನೂ ಇದನ್ನೂ ತಿರುಗಿಸಿ ನೋಡಿದ. ನಗುವ ದಿಲೀಪನನ್ನು ನೋಡಿದಾಗಲೆಲ್ಲ ತನ್ನ ಬಾಯಿಯೂ ಅಗಲವಾಗುತ್ತಿತ್ತು. ಇಷ್ಟು ಸಣ್ಣ ತಪ್ಪು ಯಾರಿಗೆ ಕಾಣುತ್ತದೆ ಎಂದುಕೊಂಡು ಅದನ್ನೇ ಕಳಿಸಿಬಿಟ್ಟ.

ಕಂಪ್ಯೂಟರಿನ ಪರದೆ ಹದಿನೈದು ಇಂಚಿನದು. ಹಾಸನದ ಕಲ್ಯಾಣಮಂಟಪದಲ್ಲಿ ಸಮಾವೇಶಕ್ಕೆ ಕಟ್ಟಿದ್ದ ಪರದೆ ಹನ್ನೆರಡು ಅಡಿಯದು. ಈ ವ್ಯತ್ಯಾಸ ರುದ್ರೇಶನ ತಲೆಗೆ ಹೊಳೆದದ್ದು ಒಳಗೆ ಕಾಲಿಟ್ಟ ಮೇಲೆ.

ಮೈಕಿನವರು ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು, ಫೋಟೋಗಳು ಬರುತ್ತಿದ್ದವು. ಟ್ರ್ಯಾಕ್ಟರಿಗೆ ಒರಗಿದ ವರ. ಬುಲೆಟ್ಟಿನ ಮೇಲೆ ಕಪ್ಪು ಕನ್ನಡಕದ ವರ. ಯಾರದೋ ಕಾರಿನ ಬಾಗಿಲಿಗೆ ಕೈಯಿಟ್ಟ ವರ. ಕಾರಿನೊಳಗೆ ಅದರ ಮಾಲೀಕ ಕೂತಿರುವುದೂ ಕಾಣುತ್ತಿತ್ತು. ಹೀಗೆ ನೂರೆಂಟು ಜನ ತಮ್ಮ ಸ್ಥಿರ ಚರ ಆಸ್ತಿಯ ನಡುವೆ ಬೆರಳುಗಾತ್ರ ನಿಂತು ಮಾಯವಾದರು. ನೂರಾ ಒಂಬತ್ತನೆಯದು ದಿಲೀಪನದು. ಹನ್ನೆರಡು ಅಡಿ ಎತ್ತರದ ಒಂದು ನಗು ಮಂಟಪದ ತುಂಬ ಹರಡಿಕೊಂಡಿತು. ತಟ್ಟೆ ಹಿಡಿದು ಉಪ್ಪಿಟ್ಟು ತಿನ್ನುತ್ತಿದ್ದ ಜನ ತುತ್ತು ಬಾಯಿಗಿಡುವುದನ್ನು ಮರೆತು ನೋಡಿದರು. ರುದ್ರೇಶನ ಜೀವಮಾನದ ಶ್ರೇಷ್ಠ ನಿಶ್ಶಬ್ದ ಅದು. ಮೂರು ಸೆಕೆಂಡು ಇತ್ತು.

"ಲೇ, ಮೀಸೇಲಿ ಅದೇನ್ಲಾ ಬೆಳ್ಳಗೆ?" ಎಂದು ಹಿಂದಿನ ಸಾಲಿನಿಂದ ಒಂದು ದನಿ ಬಂತು. "ತೆಂಗಿನ್ ಗರಿ ನೇತಾಕ್ದಂಗೈತಲ್ಲ!"

ನಿಜ. ಬಣ್ಣ ತಪ್ಪಿಸಿಕೊಂಡ ಒಂದೇ ಒಂದು ಬಿಳಿಯ ಕೂದಲು ಮೀಸೆಯ ಬಲತುದಿಯಲ್ಲಿತ್ತು. ಕಣ್ಣನ್ನು ಬಿಟ್ಟು ಇಳಿದ ಫೋಕಸ್ಸು, ಇಡೀ ಪ್ರಪಂಚದಲ್ಲಿ ಬೇರೆ ಜಾಗ ಸಿಗದೆ, ಸರಿಯಾಗಿ ಅದರ ಮೇಲೆ ಹೋಗಿ ಕೂತಿತ್ತು. ಎರಡಡಿ ಉದ್ದವಾಗಿ, ಹೊಳೆಯುತ್ತ, ಬೇರಿನ ಸಮೇತ ಸ್ಪಷ್ಟವಾಗಿತ್ತು. ಮಂಟಪ ಬಿದ್ದುಬಿದ್ದು ನಕ್ಕಿತು. ಮಾರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ರುದ್ರೇಶನ ಕಡೆ ತಿರುಗಿದಳು. ಆ ನೋಟಕ್ಕೆ ಲೆನ್ಸು ಬೇಕಿರಲಿಲ್ಲ. ದಿಲೀಪ ಎದ್ದು ಸ್ಟೇಜಿನ ಕಡೆ ಹೋಗುವ ಬದಲು ಬಾಗಿಲಿನ ಕಡೆ ಹೊರಟ.

ರುದ್ರೇಶ ಅವನ ಹಿಂದೆ ಓಡಿದ. ಕೈತೊಳೆಯುವ ನಲ್ಲಿಗಳ ಹತ್ತಿರ, ಅವನ ಹೆಗಲಿನ ಕ್ಯಾಮೆರಾ ನೋಡಿ ಒಬ್ಬ ಹೆಣ್ಣುಮಗಳು ಅಡ್ಡ ಬಂದಳು. ಮೂವತ್ತೆರಡರ ಆಸುಪಾಸು, ಕೊರಳಲ್ಲಿ ಎಲ್ಲೋ ಕೆಲಸಕ್ಕಿರುವ ಗುರುತಿನ ಚೀಟಿ.

"ಸರ್, ಆ ಮೀಸೆ ಫೋಟೋ ತೆಗೆದೋರು ನೀವಾ?"

"ಹೌದು ಮೇಡಂ" ಎಂದ ರುದ್ರೇಶ, ನೇಣಿಗೆ ತಲೆಯೊಡ್ಡುವವನ ಗಾಂಭೀರ್ಯದಲ್ಲಿ.

"ಫೋಕಸ್ ಕಣ್ಣಿನ ಮೇಲಿರ್ಬೇಕಿತ್ತು. ತಪ್ಪಿ ಮೀಸೆ ಮೇಲೆ ಕೂತಿದೆ, ಅಲ್ವಾ?"

ನಾಲ್ಕು ತಾಲ್ಲೂಕಿನಲ್ಲಿ ಇಂಥ ಪ್ರಶ್ನೆ ಕೇಳಿದ ಮೊದಲ ಮನುಷ್ಯಪ್ರಾಣಿ ಇದು. ಅವಳ ಹೆಸರು ರೂಪಶ್ರೀ. ಚನ್ನರಾಯಪಟ್ಟಣದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಾಳೆ. ದಿನವಿಡೀ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಕೂರುವವಳಿಗೆ, ತಿರುಗಣೆ ಕೂದಲೆಳೆಯಷ್ಟು ಅಲ್ಲಾಡಿದರೂ ಕಾಣುತ್ತಿದ್ದುದು ಕಾಣದಾಗುವ ಸಂಕಟ ಚೆನ್ನಾಗಿ ಗೊತ್ತಿತ್ತು. ಅಂಥವಳ ಮುಂದೆ ರುದ್ರೇಶನ ಬಾಯಿಂದ ಸತ್ಯ ತಾನಾಗಿ ಬಂತು.

"ಗೊತ್ತಿತ್ತು ಮೇಡಂ. ಗೊತ್ತಿದ್ದೂ ಕಳಿಸ್ದೆ. ಸರಿಯಾಗಿರೋವು ನಲವತ್ತು ಇದ್ವು. ಒಂದ್ರಲ್ಲೂ ಆ ಹುಡುಗ ಇರಲಿಲ್ಲ. ಇದ್ರಲ್ಲಿ ನಕ್ಬಿಟ್ಟ, ಮುಂದಕ್ಕೆ ಬಂದ್ಬಿಟ್ಟ."

"ಯಾಕೆ ನಕ್ರು?"

ರುದ್ರೇಶ ನೆತ್ತಿ ಸವರಿಕೊಂಡು ಕರುವಿನ ಕಥೆ ಹೇಳಿದ. ರೂಪಶ್ರೀ ನಲ್ಲಿಯ ಕಟ್ಟೆ ಹಿಡಿದುಕೊಂಡು ನಕ್ಕಳು.

"ಅಂದ್ರೆ ಫೋಟೋಗೆ ಅಂತ ನಕ್ಕಿದ್ದಲ್ಲ" ಎಂದಳು, ಕಣ್ಣೊರೆಸಿಕೊಂಡು. "ಎಲ್ಲಿ ಹೋದ್ರು ಅವ್ರು?"

ಅಲ್ಲಿಗೆ ಅವಳ ಸೋದರಮಾವ ದೇವರಾಜ್ ಬಂದ. ದುದ್ದದ ಕಡೆಯ ಒಂದು ಹಳ್ಳಿಯಲ್ಲಿ ಹಾಲಿನ ಡೈರಿಯ ಕಾರ್ಯದರ್ಶಿ. ಕ್ಯಾನಿನ ಮುಚ್ಚಳ ತೆಗೆಯುವ ಮೊದಲೇ ನೀರು ಬೆರೆಸಿದವನನ್ನು ಹಿಡಿಯುವವನು ಎಂದು ಹೆಸರು ಪಡೆದಿದ್ದ.

"ಏನಮ್ಮಿ, ಇಷ್ಟತ್ರ ಬಂದು ತೆಗ್ದವ್ನೆ ಅಂದ್ರೆ ಉಳಿದಿದ್ದೆಲ್ಲ ಮುಚ್ಚಿಕ್ಕವ್ನೆ ಅಂತ ತಾನೆ? ಕಿವಿ ನೋಡ್ದಾ, ಮಸುಕು! ಕಾಲೈತೋ ಇಲ್ವೋ ಯಾರಿಗ್ಗೊತ್ತು? ನೆತ್ತಿ ಕತ್ತರ್ಸವ್ನೆ, ತಲೇಲಿ ಕೂದ್ಲೈತೋ ಇಲ್ವೋ!"

"ಹೋಗಿ ನೋಡ್ಕೊಂಡು ಬರೋಣ ಮಾವ" ಎಂದಳು ರೂಪಶ್ರೀ.

"ನೋಡೇ ನೋಡ್ತೀನಿ. ನೀನೂ ಇರ್ಬೇಕು ಕಣಯ್ಯ ಅಲ್ಲಿ" ಎಂದು ದೇವರಾಜ್ ರುದ್ರೇಶನ ಕಡೆ ಬೆರಳು ತೋರಿಸಿದ. "ಫೋಟೋಕ್ಕೂ ಆಳಿಗೂ ತಾಳೆ ಆಗ್ನಿಲ್ಲ ಅಂದ್ರೆ ನಿನ್ನೇ ಕೇಳೋದು."

ಮುಂದಿನ ಭಾನುವಾರ ರುದ್ರೇಶ ಆರೋಪಿಯೂ ಸಾಕ್ಷಿಯೂ ಆಗಿ ಮಲ್ಲಿಪಟ್ಟಣಕ್ಕೆ ಹಾಜರಾದ. ಕ್ಯಾಮೆರಾ ಒಯ್ಯಬಾರದೆಂದು ಗಂಗಾಂಬಿಕೆ ಬೆಳಿಗ್ಗೆಯೇ ತಾಕೀತು ಮಾಡಿದ್ದಳು, ಆದರೂ ಅವನು ತಂದಿದ್ದ. ಬಾಗಿಲಲ್ಲಿ ಮಾರಮ್ಮ ಅವನಿಗೆ ನೀರು ಕೊಟ್ಟಳು, ಮಾತು ಕೊಡಲಿಲ್ಲ. ಈ ಸಂಬಂಧ ಮುರಿದರೆ ಅವಳು ಇನ್ನು ಜನ್ಮದಲ್ಲಿ ಮಾತಾಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ದಿಲೀಪ ತಲೆ ತಗ್ಗಿಸಿ ಕೂತಿದ್ದುದನ್ನು ನೋಡಲು ಆಗುತ್ತಿರಲಿಲ್ಲ. ಮೀಸೆಯನ್ನೇ ಬೋಳಿಸಿಬಿಡುತ್ತೇನೆಂದು ಅವನು ಬೆಳಿಗ್ಗೆ ಬ್ಲೇಡು ಹಿಡಿದಿದ್ದನಂತೆ, ಮಾರಮ್ಮ ಕಿತ್ತುಕೊಂಡಿದ್ದಳು.

ದೇವರಾಜ್ ಪರೀಕ್ಷೆ ಶುರುಮಾಡಿದ. ದಿಲೀಪನನ್ನು ಹಿತ್ತಿಲಿನವರೆಗೆ ನಡೆಸಿ ಕಾಲು ನೋಡಿದ. ಹಿಂದಿನಿಂದ ಮೆಲ್ಲಗೆ ಹೆಸರು ಕೂಗಿ ಕಿವಿ ನೋಡಿದ. ಎಮ್ಮೆಯ ಹಲ್ಲು ನೋಡಿ ಅಭ್ಯಾಸವಿದ್ದವನು, ಬಾಯಿ ತೆರೆಸಲಿಲ್ಲ ಎನ್ನುವುದೇ ದೊಡ್ಡದು. ಆಮೇಲೆ ಮಾರಮ್ಮ ಅವನನ್ನು ಹೊಲ ತೋರಿಸಲು ಕರೆದುಕೊಂಡು ಹೋದಳು, ಮಸುಕಾದದ್ದನ್ನೆಲ್ಲ ಒಂದೊಂದಾಗಿ ಮುಟ್ಟಿಸಿ ತೋರಿಸಲು.

ಪಂಪ್‌ಸೆಟ್ಟಿನ ಕಟ್ಟೆಯ ಬಳಿ ದಿಲೀಪ, ರೂಪಶ್ರೀ ಇಬ್ಬರೇ ಉಳಿದರು. ರುದ್ರೇಶ ಹತ್ತು ಹೆಜ್ಜೆ ದೂರ ನಿಂತು, ಬಟ್ಟೆಯಿಂದ ಲೆನ್ಸು ಒರೆಸಿದ. ಅಷ್ಟು ಶ್ರದ್ಧೆಯಿಂದ, ಅಷ್ಟು ಹೊತ್ತು, ಅವನು ಯಾವತ್ತೂ ಒರೆಸಿರಲಿಲ್ಲ.

"ಫೋಟೋದಲ್ಲಿ ಕಾಣಿಸ್ದೆ ಇರೋದು ಏನಾದ್ರೂ ಇದ್ರೆ ಹೇಳ್ಬಿಡಿ" ಎಂದಳು ಅವಳು.

"ಗೊರಕೆ ಒಡಿತೀನಿ" ಎಂದ ದಿಲೀಪ. ತುಸು ಯೋಚಿಸಿ, "ಜೋರಾಗೇ" ಎಂದು ಸೇರಿಸಿದ.

"ನಾನು ಕೆಲಸ ಬಿಡಲ್ಲ."

"ಬುಡ್ಬ್ಯಾಡಿ. ಅರಕಲಗೂಡಲ್ಲೂ ಲ್ಯಾಬ್ ಅವೆ. ದಿನಾ ನಾನೇ ಬುಟ್ಟು ಬತ್ತೀನಿ."

"ಟ್ರ್ಯಾಕ್ಟರಲ್ಲಾ?"

ದಿಲೀಪ ತಲೆ ಎತ್ತಿದ. ನಕ್ಕ. ಈ ಸಲ ಕರು ಬೇಕಾಗಲಿಲ್ಲ. ಆದರೆ ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ನೀರಿನ ಕಡೆ ನೋಡುತ್ತ ನಿಂತಳು. ಅಷ್ಟರಲ್ಲಿ ಮಾರಮ್ಮನೂ ದೇವರಾಜನೂ ಬದುವಿನ ಮೇಲೆ ಬಂದರು. ಇಬ್ಬರ ಕಣ್ಣೂ ಅವಳ ಮುಖದ ಮೇಲೆ.

ದೇವರಾಜ್ ಗಂಟಲು ಸರಿಮಾಡಿಕೊಂಡ. "ಏನೇ ಆಗ್ಲಿ, ಒಂದ್ ಫೋಟೋ ಒಡಿಯಯ್ಯ. ಮನೇಲಿ ನಮ್ಮಕ್ಕಂಗೆ ತೋರಿಸ್ಬೇಕು."

ರುದ್ರೇಶ ಕ್ಯಾಮೆರಾ ಎತ್ತಿ ಹತ್ತಿರ ಹೋದ. ದಿಲೀಪ ಕಟ್ಟೆಗೆ ಅಂಟಿಕೊಂಡು ಮುಂದೆ ನಿಂತಿದ್ದ. ರೂಪಶ್ರೀ ಒಂದು ಮೊಳ ಹಿಂದೆ, ಒಂದು ಮೊಳ ಪಕ್ಕಕ್ಕೆ ಇದ್ದಳು. ದಿಲೀಪನ ಮೇಲೆ ಫೋಕಸ್ ಇಟ್ಟರೆ ಅವಳು ಮಸುಕು. ಅವಳ ಮೇಲಿಟ್ಟರೆ ಅವನು ಮಸುಕು. ಇಬ್ಬರೂ ಸ್ಪಷ್ಟವಾಗಿ ಬರಬೇಕಾದರೆ ಎರಡು ಮುಖಗಳೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರಬೇಕು. ಚೌಕಟ್ಟು ತುಂಬಬೇಕಾದರೆ ನಡುವೆ ಜಾಗವೂ ಇರಬಾರದು.

"ಮೇಡಂ, ನೀವು ಬೇರೆ ದೂರದಲ್ಲಿದೀರಿ, ಅವರು ಬೇರೆ ದೂರದಲ್ಲಿದಾರೆ" ಎಂದ. "ಈ ಲೆನ್ಸಲ್ಲಿ ಒಬ್ರು ಬಂದ್ರೆ ಒಬ್ರು ಬರಲ್ಲ."

ರೂಪಶ್ರೀ ಅವನನ್ನು ನೋಡಿದಳು. "ಲೆನ್ಸಿನ ಬಾಯಿ ಸ್ವಲ್ಪ ಕಿರಿದು ಮಾಡಿದ್ರೆ ನಿಂತಲ್ಲೇ ಇಬ್ರೂ ಬರ್ತೀವಲ್ವಾ ಸರ್?"

"ಬರ್ತೀರಿ."

"ಮಾಡಿ ಮತ್ತೆ."

"ಮಾಡಲ್ಲ ಮೇಡಂ" ಎಂದ ರುದ್ರೇಶ. ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಲಿಲ್ಲ.

ಬದುವಿನ ಮೇಲೆ ಮಾರಮ್ಮ ಉಸಿರು ಹಿಡಿದು ನಿಂತಿದ್ದಳು. ರೂಪಶ್ರೀ ಸೆರಗು ಸಿಕ್ಕಿಸಿಕೊಂಡಳು, ಕೆಸರು ನೋಡಿಕೊಂಡು ಒಂದು ಹೆಜ್ಜೆ ಮುಂದಿಟ್ಟಳು, ಆಮೇಲೆ ಒಂದು ಹೆಜ್ಜೆ ಪಕ್ಕಕ್ಕಿಟ್ಟಳು. ಅವಳ ಭುಜ ದಿಲೀಪನ ಭುಜಕ್ಕೆ ತಾಗಿತು.

"ಈಗ ಸರಿನಾ ಸರ್?"

"ಸರಿ ಮೇಡಂ" ಎಂದ ರುದ್ರೇಶ. ಎರಡು ಜೊತೆ ಕಣ್ಣು, ನಾಲ್ಕೂ ಒಂದೇ ಗೆರೆಯಲ್ಲಿ.

ದೇವರಾಜ್ ಬದುವಿನಿಂದ ದಡಬಡ ಇಳಿದು, ಅಂಗಿಯ ಕಾಲರು ಸರಿಮಾಡಿಕೊಂಡು ಅವರ ಹಿಂದೆ ಬಂದು ನಿಂತ.

"ನಾನೂ ಬೀಳ್ತೀನೇನಯ್ಯಾ ಫೋಟೋದಾಗೆ?"

"ಬೀಳ್ತೀರಿ ಸಾ" ಎಂದ ರುದ್ರೇಶ, ಗುಂಡಿ ಒತ್ತುತ್ತ. "ನೀವೇ ಅಂತ ಯಾರ್ಗೂ ಗೊತ್ತಾಗಲ್ಲ, ಅಷ್ಟೇ."